ಪತ್ರಿಯೊಂದಿಗೆ ಏರಿದ ಹುಳ

ಗರುಡನ ಫೋಟೋ ನನ್ನ ಮೊಬೈಲಿನಲ್ಲಿ ಒಂದೂ ಇಲ್ಲ. ಬಂದರಿನ ಕಡೆಯಿಂದ ದಿನಾ ಒಂದೆರಡು ನಮ್ಮ ಚಾಳಿನ ಸಾಲುಮನೆಗಳ ಮೇಲೆಯೇ ಹಾರಿ ಹೋಗುತ್ತವೆ. ಆದರೆ ಗರುಡನನ್ನು ಕಂಡರೆ ಮೊದಲು ಕೈ ಮುಗಿಯಬೇಕು. ಮುಗಿದ ಕೈ ಬಿಡಿಸಿ ಮೊಬೈಲು ಹಿಡಿಯುವಷ್ಟರಲ್ಲಿ ಅವನು ತೆಂಗಿನ ಮರಗಳ ಆಚೆ.

"ಒಂದ್ ಮಿನಿಟ್ ತಡಾ ಮಾಡಿ ಕೈ ಮುಗದ್ರ ದೇವ್ರು ಸಿಟ್ಟಾಗ್ತಾನೇನವ್ವಾ?" ಎಂದು ಮಗಳು ನಗುತ್ತಿದ್ದಳು.

"ನೀ ಫೋಟೋ ತಗಿ, ನಾ ಕೈ ಮುಗೀತೀನಿ. ಇಬ್ರೂ ಕೂಡಿ ಒಂದ್ ಪೂಜಿ ಆತು."

ಹಾಗೆ ತೆಗೆದ ಗರುಡಗಳೆಲ್ಲ ಅವಳ ಹತ್ತಿರವೇ ಇವೆ.

ಅವಳು ಈಗ ಜುವಾರಿ ನದಿಯ ಆಚೆಗಿದ್ದಾಳೆ. ಬಸ್ಸು ಹತ್ತಿ ಸೇತುವೆ ದಾಟಿದರೆ ಬಂತು, ಅಷ್ಟು ಹತ್ತಿರ. ನಾವು ದುಡಿಯಲು ಬಂದ ಈ ಊರಿನವನೇ ಆದ, ತಾನು ಮೆಚ್ಚಿದ ಹುಡುಗನನ್ನು, ನಮ್ಮವನಲ್ಲದವನನ್ನು, ರಿಜಿಸ್ಟರ್ ಮದುವೆಯಾದಳು. ಅಂದಿನಿಂದ ನಮ್ಮ ಮನೆಯವರು ಅವಳ ಹೆಸರು ಎತ್ತಿಲ್ಲ. ಬೈದದ್ದೂ ಇಲ್ಲ. ಬೈದಿದ್ದರೆ ಒಂದು ದಿನಕ್ಕೆ ಮುಗಿಯುತ್ತಿತ್ತು. ಅವಳೂ ಆ ಅಪ್ಪನ ಮಗಳೇ. ಅವರು ಕರೆಯದೆ ಬರುವವಳಲ್ಲ. ಮಾತಾಡಿದರೆ ಇಬ್ಬರೂ ಅಳುತ್ತೇವೆಂದು ನನ್ನ ಫೋನನ್ನೂ ಎತ್ತುತ್ತಿರಲಿಲ್ಲ.

ಅದಕ್ಕೇ ಫೋಟೋ ಕಳಿಸುತ್ತಿದ್ದೆ. ಹೊಸ ಮೊಬೈಲು ಕೊಂಡಾಗ ಅವಳು ನನಗೆ ಕೊಟ್ಟ ಹಳೆಯದು, ಮೂಲೆಯಲ್ಲಿ ಗಾಜು ಒಡೆದದ್ದು, ಅದರಲ್ಲೇ ತೆಗೆಯುವುದು. ಹಕ್ಕಿ ಎಲ್ಲಿದೆಯೋ ಅಲ್ಲಿ ಗಾಜಿನ ಮೇಲೆ ಬೆರಳಿಟ್ಟರೆ ಚಿತ್ರ ತಿಳಿಯಾಗುತ್ತದೆ ಎಂದು ಕಲಿಸಿದವಳೂ ಅವಳೇ. ಚಳಿಗಾಲದಲ್ಲಿ ತಂತಿಯ ಮೇಲೆ ಸಾಲಾಗಿ ಕೂತ ಕಳ್ಳಿಪೀರ, ಚಾಳಿನ ಮುಂದೆ ಬಾಲ ಕುಣಿಸುತ್ತ ಓಡಾಡುವ ಬೂದು ಹಕ್ಕಿ. ಬೇಸಿಗೆಯಲ್ಲಿ ದಾಸವಾಳಕ್ಕೆ ಕೊಕ್ಕು ಹಾಕುವ ಸೂರಕ್ಕಿ. ಮಳೆ ಬಿಡುವು ಕೊಟ್ಟ ಸಂಜೆ, ಬಟ್ಟೆ ಒಣಗುವ ಹಗ್ಗದ ಮೇಲೆ ಕೆಂಪು ಏರೋಪ್ಲೇನ್ ಚಿಟ್ಟೆ. ಅವಳು ಪ್ರತಿಯೊಂದಕ್ಕೂ ಒಂದು ಹೃದಯದ ಗುರುತು ಒತ್ತುತ್ತಿದ್ದಳು, ಮಾತಿಲ್ಲ. ನೋಡಿದಳಲ್ಲ, ಅದೂ ದೇವರು ಕೊಟ್ಟದ್ದೇ ಎಂದುಕೊಂಡು ಒಲೆಯ ಮುಂದೆ ಹೋಗುತ್ತಿದ್ದೆ.

ನಮ್ಮ ಬಾಗಿಲಲ್ಲಿ, ಕತ್ತರಿಸಿದ ನೀಲಿ ಡ್ರಮ್ಮಿನಲ್ಲಿ ಒಂದು ಬಿಲ್ವಪತ್ರಿ ಗಿಡವಿದೆ. ಊರಿನಿಂದ ಸಸಿ ತಂದು ಬೆಳೆಸಿದವರು ಮನೆಯವರು. ಸೋಮವಾರ ಬಂದರಿನ ಡ್ಯೂಟಿಗೆ ಹೋಗುವ ಮೊದಲು ಅದರ ಎಲೆ ಕೊಯ್ದು ಲಿಂಗಕ್ಕೆ ಏರಿಸುವುದು ಅವರ ಪೂಜೆ. ಎಲೆ ಮೂರು ದಳದ್ದಿರಬೇಕು, ತೂತಿರಬಾರದು. ಈ ಸಲ ಶ್ರಾವಣಕ್ಕೆ ಮುಂಚೆ ನೋಡಿದರೆ ಎಲೆಯೆಲ್ಲ ತೂತು, ಅಂಚೆಲ್ಲ ಹರಿದಿತ್ತು. ಒಂದು ಎಲೆಯ ಮೇಲೆ ಹಕ್ಕಿಯ ಹಿಕ್ಕೆ ಬಿದ್ದಿತ್ತು. ಒರೆಸಲು ಹೋದರೆ ಹಿಕ್ಕೆ ಸರಿಯಿತು! ಹಿಕ್ಕೆಯ ಹಾಗೆಯೇ ಕಾಣುವ ಹುಳ ಅದು. ನಾನು ನಗುತ್ತ ಫೋಟೋ ತೆಗೆದು "ಹಿಕ್ಕಿ ನಡ್ಯಾಕತ್ತೈತಿ ನೋಡು" ಎಂದು ಬರೆದು ಕಳಿಸಿದೆ.

ಗುರುತು ಬರಲಿಲ್ಲ. ಮಾತು ಬಂತು. "ಏನವ್ವಾ ಅದು?"

ಎಷ್ಟೋ ತಿಂಗಳ ಮೇಲೆ ಬಂದ 'ಅವ್ವಾ'. ಅಡುಗೆಮನೆಯಲ್ಲಿ ನಿಂತೇ ಸೆರಗಿನಿಂದ ಕಣ್ಣು ಒತ್ತಿಕೊಂಡೆ.

ಆಮೇಲೆ ದಿನಾ ಕೇಳತೊಡಗಿದಳು. ಹುಳ ಏನ್ಮಾಡಾಕತ್ತೈತಿ? ಎಷ್ಟ್ ದೊಡ್ಡದಾತು? ಅದು ಹಸಿರಾಯಿತು, ಮುಟ್ಟಿದರೆ ತಲೆಯಿಂದ ಕೆಂಪು ಕೊಂಬು ಚಾಚಿ ನಾರುತ್ತಿತ್ತು. ಎಲ್ಲವನ್ನೂ ಕಳಿಸಿದೆ. ಮನೆಯವರು ಮಾತ್ರ ಗಿಡದ ಮುಂದೆ ನಿಂತು ಗೊಣಗಿದರು.

"ಸಿವಗ ಏರಸೂದ್ ಬಿಟ್ಟು ಹುಳಕ್ಕ ನೈವೇದ್ಯ ಮಾಡಾಕತ್ತೀ ಏನ?"

"ಅದೂ ಅವನ ಕೂಸಲ್ರೀ. ತಿನ್ನಲಿ ಬಿಡ್ರಿ."

ಯಾರಿಗಾಗಿ ಉಳಿಸುತ್ತಿದ್ದೇನೆಂದು ನಾನು ಹೇಳಲಿಲ್ಲ. 

ಒಂದು ದಿನ ಹುಳ ಎಳೆಯ ಕಡ್ಡಿಯೊಂದಕ್ಕೆ ನೂಲಿನಲ್ಲಿ ತನ್ನನ್ನು ಕಟ್ಟಿಕೊಂಡು ಗೂಡಾಯಿತು. ಹಸಿರು ಗೂಡು, ಮಡಿಚಿದ ಎಲೆಯ ಹಾಗೆಯೇ. "ಚಿಟ್ಟಿ ಆದಾಗ ಮೊದಲ ನನಗ ಕಳಸು" ಎಂದು ಬರೆದಳು ಮಗಳು.

ಶ್ರಾವಣ ಸೋಮವಾರ ಬೆಳಗಾದರೂ ಮೋಡದ ಕತ್ತಲೆ, ಕರೆಂಟೂ ಇರಲಿಲ್ಲ. ಮನೆಯವರು ಪೂಜೆ ಮುಗಿಸಿ ಡ್ಯೂಟಿಗೆ ಹೋದ ಮೇಲೆ ಗಿಡ ನೋಡಲು ಬಂದೆ. ಕಡ್ಡಿಯೇ ಇಲ್ಲ. ಕೆಳಗಿನ ಎಲೆಯೆಲ್ಲ ಹರಿದಿದ್ದರಿಂದ ಮೇಲಿನ ಕುಡಿಯನ್ನೇ ಮುರಿದುಕೊಂಡು ಹೋಗಿದ್ದರು. ದೇವರ ಜಗಲಿಯ ಮುಂದೆ ಕೂತು ಬಗ್ಗಿ ನೋಡಿದೆ. ಲಿಂಗದ ಮೇಲೆ ಪತ್ರಿಯ ರಾಶಿ. ಒಳಗೆ ಎಲ್ಲೋ ಅದು.

ಕೈ ಚಾಚಿದೆ, ಹಿಂದೆ ತೆಗೆದೆ. ಏರಿಸಿದ ಪೂಜೆಯನ್ನು ಮರುದಿನದ ತನಕ ಕದಲಿಸುವ ರೂಢಿ ನಮ್ಮಲ್ಲಿಲ್ಲ. "ನಿನ್ನ ತಲಿ ಮ್ಯಾಲ ಐತಿ, ನೀನ ನೋಡ್ಕೋ" ಎಂದು ಶಿವನಿಗೆ ಹೇಳಿ ಎದ್ದೆ. ಆ ದಿನ ಮಗಳು ಕೇಳಿದ್ದಕ್ಕೆ ಉತ್ತರ ಬರೆಯಲಾಗಲಿಲ್ಲ.

ಸಂಜೆ ಮನೆಯವರಿಗೆ ಹೇಳಿದೆ. ಒದ್ದೆ ಛತ್ರಿ ಹಿಡಿದುಕೊಂಡೇ ನಿಂತರು.

"ಎಲಿ ಅಂತ ತಿಳ್ಕೊಂಡೆ ನಾ."

"ಆಕಿ ದಿನಾ ಕೇಳ್ತಿದ್ಲು ಅದನ್ನ" ಎಂದುಬಿಟ್ಟೆ.

'ಆಕಿ' ಎಂದರೆ ಯಾರೆಂದು ಅವರು ಕೇಳಲಿಲ್ಲ. ಛತ್ರಿ ಮೂಲೆಗೆ ಒರಗಿಸಿ, "ನಾಳಿ ಇಳಸೂತನಕ ಇರಲಿ" ಎಂದರು.

ಪ್ರತಿ ಮಂಗಳವಾರ ಇಳಿಸಿದ ಪತ್ರಿಯನ್ನು, ಯಾರೂ ತುಳಿಯಬಾರದೆಂದು, ಚೀಲದಲ್ಲಿ ಕಟ್ಟಿಕೊಂಡು ಹೋಗಿ ನೀರಿಗೆ ಬಿಡುತ್ತಾರೆ. ಆ ಮಂಗಳವಾರ ಚೀಲ ಕಟ್ಟಲಿಲ್ಲ. ನೆಲದ ಮೇಲೆ ಕೂತು, ಒಂದೊಂದೇ ಎಲೆ ಬಿಡಿಸಿದರು. ಗೂಡು ಸಿಕ್ಕಿತು. ಜಜ್ಜಿರಲಿಲ್ಲ, ನೀರು ಮಾತ್ರ ತಾಗಿತ್ತು. ಬತ್ತಿ ಹೊಸೆಯುವ ನೂಲು ಕೇಳಿದರು. ಕಡ್ಡಿಯನ್ನು ಗಿಡದ ಕೊಂಬೆಗೆ ಕಟ್ಟಿ, "ಸಿವನ ತಲಿ ಮ್ಯಾಲ ಕುಂತ್ ಬಂದೈತಿ, ಇನ್ನೇನ್ ಅಂಜಿಕಿ ಇದಕ್ಕ" ಎಂದರು. ಮಗಳು ಹೋದ ಮೇಲೆ ಅವರು ತಮಾಷೆ ಮಾಡಿದ್ದನ್ನು ನಾನು ಕೇಳಿರಲಿಲ್ಲ.

ಮುಂದಿನ ವಾರದಲ್ಲಿ ಒಂದು ಮುಂಜಾನೆ ಹೊರಗಿನಿಂದ ಕೂಗಿದರು. "ಏ, ಲಗೂನ ಬಾ! ಮೊಬೈಲ್ ತಗೊಂಡ್ ಬಾ!"

ಕಪ್ಪು ರೆಕ್ಕೆ, ಮೇಲೆಲ್ಲ ತೆಳು ಹಳದಿ ಚುಕ್ಕೆ, ಹಿಂದೆ ಕುಂಕುಮವಿಟ್ಟ ಹಾಗೆ ಒಂದೊಂದು ಕೆಂಪು. ಒದ್ದೆ ರೆಕ್ಕೆ ಜೋಲಾಡಿಸುತ್ತ ಅವರ ಬೆರಳಿನ ಮೇಲೆ ಹತ್ತಿ ಕೂತಿತ್ತು. ಅವರು ಉಸಿರು ಬಿಗಿಹಿಡಿದಿದ್ದರು. ನನಗೆ ಕೈ ಮುಗಿಯಬೇಕೆನಿಸಿತು. ಈ ಸಲ ಫೋಟೋ ಮೊದಲು ತೆಗೆದೆ.

ಮಗಳಿಗೆ ಕಳಿಸಿದೆ. ಅವಳ ಮಾತು ಬಂತು: "ಅಪ್ಪನ ಬೆರಳು."

ಚಿಕ್ಕಂದಿನಲ್ಲಿ ಕುಡುಗೋಲಿಗೆ ಸಿಕ್ಕು ತುದಿ ಸೊಟ್ಟಗಾದ ಬೆರಳು ಅದು. ಅದನ್ನೇ ಹಿಡಿದುಕೊಂಡು ಅವಳು ನಡೆಯಲು ಕಲಿತದ್ದು.

ಮನೆಯವರು ಚಪ್ಪಲಿ ಮೆಟ್ಟುತ್ತಿದ್ದರು. ತಲೆ ಎತ್ತದೆ, "ಏನಂತಾಳ?" ಎಂದರು.

ಓದಿ ಹೇಳಿದೆ. ಅವರು ಛತ್ರಿ ತೆಗೆದುಕೊಂಡು ನಾಲ್ಕು ಹೆಜ್ಜೆ ಹೋದರು, ತಿರುಗಿ ನಿಂತರು. "ಇನ್ನ ಮ್ಯಾಲ ಪ್ಯಾಟ್ಯಾಗ ಪತ್ರಿ ತರ್ತೇನಿ. ಈ ಗಿಡಾ ಹುಳಕ್ಕ ಇರಲಿ."

ಬಾ ಎಂದು ಹೇಳು, ಎನ್ನಲಿಲ್ಲ. ಅಷ್ಟು ಬೇಗ ಅವರ ಬಾಯಿಗೆ ಅದು ಬರುವುದಿಲ್ಲ ಎಂದು ನನಗೆ ಗೊತ್ತು. ಅವರು ಅಂದಷ್ಟನ್ನೇ, ಒಂದು ಅಕ್ಷರ ಕೂಡಿಸದೆ, ಅವಳಿಗೆ ಬರೆದೆ. ಓದಿದಳೆಂಬ ಎರಡು ನೀಲಿ ಗೆರೆ ಬಿದ್ದವು. ಉತ್ತರ ಇನ್ನೂ ಬಂದಿಲ್ಲ.

ಇಂದು ಗಿಡದ ಚಿಗುರಿನಲ್ಲಿ ಸಾಸಿವೆಯಷ್ಟು ಸಣ್ಣ ಮೊಟ್ಟೆ ಕಂಡಿತು. ಫೋಟೋ ತೆಗೆದೆ, ತಿಳಿಯಾಗಿ ಬರಲಿಲ್ಲ. ಅವಳೇ ಬಂದು ನೋಡಬೇಕು.