ಫಾರಿನ್ ಅಕ್ಕ ಮತ್ತು ಗಡಿ ದಾಟುವ ದನಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ದೂರಸಂಪರ್ಕ ನಿಯಂತ್ರಣ ಕಚೇರಿಯ ಮೇಲ್ಮಹಡಿಯಲ್ಲಿ ಒಂದೇ ಒಂದು ಕೋಣೆಯ ದೀಪ ಉರಿಯುತ್ತಿದೆ. ಕಂಪ್ಯೂಟರಿನ ಪರದೆಯ ತುಂಬ ಬೇರೆ ಬೇರೆ ದೇಶಗಳ ಮುಖಗಳು; ಕೆಲವರ ಬೆನ್ನಿಗೆ ಮಧ್ಯಾಹ್ನದ ಬಿಸಿಲು, ಕೆಲವರ ಕಿಟಕಿಯಾಚೆ ಕತ್ತಲು. ಈಚೆ ಬದಿಯಲ್ಲಿ ಸ್ವೆಟರ್ ತೊಟ್ಟು ಕೂತ, ಐವತ್ತು ದಾಟಿದ ಹೆಂಗಸು ಒಂದೇ ಒಂದು ಪದಕ್ಕಾಗಿ ಪಟ್ಟು ಹಿಡಿದಿದ್ದಾರೆ.

ಒಂದು ದೇಶದ ರೇಡಿಯೊ ತರಂಗ ಪಕ್ಕದ ದೇಶದ ತರಂಗಕ್ಕೆ ಅಡ್ಡಬಂದರೆ ಇಬ್ಬರೂ ಜೊತೆಯಾಗಿ ಪರೀಕ್ಷಿಸಬಹುದು ಎನ್ನುತ್ತದೆ ಒಪ್ಪಂದದ ಕರಡು. ಪರೀಕ್ಷಿಸಲೇಬೇಕು ಎಂದಾಗಲಿ ಎನ್ನುತ್ತಾರೆ ಇವರು. ಯಾರೋ ನಿಟ್ಟುಸಿರು ಬಿಡುತ್ತಾರೆ, ಇನ್ಯಾರೋ ಎರಡೂ ಒಂದೇ ಅಲ್ಲವೇ ಎನ್ನುತ್ತಾರೆ. ಇವರು ದನಿ ಏರಿಸದೆ ಅದೇ ಮಾತನ್ನು ಮತ್ತೆ ಹೇಳುತ್ತಾರೆ. ಕೊನೆಗೆ ಸಭೆಯ ಅಧ್ಯಕ್ಷರು ಪದ ತಿದ್ದುತ್ತಾರೆ. ಇವರು ಮೈಕ್ ಬಂದ್ ಮಾಡಿ, ಆರಿದ ಚಹಾವನ್ನು ಒಂದೇ ಗುಟುಕಿಗೆ ಮುಗಿಸಿ, ಕಸ ಗುಡಿಸಲು ಬಂದ ಆಯಾಗೆ ಕುರ್ಚಿ ಸರಿಸಿಕೊಡುತ್ತಾರೆ.

ಕಚೇರಿಯ ಕ್ಯಾಂಟೀನಿನವರ ಬಾಯಲ್ಲಿ ಇವರು "ಫಾರಿನ್ ಅಕ್ಕ". ಅಂತಾರಾಷ್ಟ್ರೀಯ ವಿಭಾಗ ಎಂದರೆ ಸೂಟ್‌ಕೇಸ್ ಎಳೆದುಕೊಂಡು ಊರೂರು ಸುತ್ತುವ ಸುಖದ ಕೆಲಸ ಎಂದೇ ಎಲ್ಲರ ಎಣಿಕೆ. ಅಕ್ಕ ನಗುತ್ತಾರೆ: "ಎಷ್ಟೋ ದೇಶಕ್ಕೆ ಹೋಗಿದೀನಿ ನಿಜ. ನೋಡಿದ್ದು ಮಾತ್ರ ಏರ್‌ಪೋರ್ಟು, ಮೀಟಿಂಗ್ ಹಾಲು. ಎಲ್ಲಾ ಊರಲ್ಲೂ ಕಾರ್ಪೆಟ್ ಒಂದೇ ಥರ ಇರುತ್ತೆ."

ಮೊದಲು ಇವರದು ತರಂಗ ಅಳೆಯುವ ವ್ಯಾನಿನಲ್ಲಿ ಎಂಜಿನಿಯರ್ ಕೆಲಸ. ಮೇಲಧಿಕಾರಿಯೊಬ್ಬರ ಜೊತೆ ಮಾತಿಗೆ ಮಾತು ಬೆಳೆದು, ಆಗ ಯಾರಿಗೂ ಬೇಡವಾಗಿದ್ದ ಈ ವಿಭಾಗಕ್ಕೆ ಎತ್ತಂಗಡಿಯಾಯಿತು. ಇಬ್ಬರಿಗೆ ಒಂದೇ ಮೇಜು. ಸಭೆಗಳಲ್ಲಿ ಬೇಕಾದ ಪರಭಾಷೆಯನ್ನು ಸಂಜೆ ತರಗತಿಯಲ್ಲಿ, ಮಗಳನ್ನು ಮಡಿಲಲ್ಲಿ ಮಲಗಿಸಿಕೊಂಡು ಕಲಿತರು. ಇವರು ದೂರ ಹೋದಾಗ ಮಗಳಿಗೆ ಜಡೆ ಹಾಕಿದವರು ದರ್ಜಿ ಗಂಡ. ಎರಡು ಜಡೆಯೂ ಒಂದೇ ಅಳತೆಗೆ ಬರುತ್ತಿದ್ದವು ಎಂದು ಮಗಳು ಇಂದಿಗೂ ಹೇಳುತ್ತಾಳೆ. ಅತ್ತೆಯಂತೂ ಸೊಸೆ ಫೋನ್ ಆಫೀಸಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದಾಳೆಂದು ಕೇರಿಗೆಲ್ಲ ಸಾರಿದ್ದಾರೆ. ಹಾಗಾಗಿ ಕೆಟ್ಟ ಮೊಬೈಲುಗಳೆಲ್ಲ ಭಾನುವಾರ ಇವರ ಮನೆ ಬಾಗಿಲಿಗೆ ಬರುತ್ತವೆ. ಸರಿ ಮಾಡಿಯೂ ಕೊಡುತ್ತಾರೆ.

ಬೆಳಗಿನ ಆ ಹಟಕ್ಕೆ ಕಾರಣ, ಕೆಲವು ವರ್ಷಗಳ ಹಿಂದೆ ಗಡಿಯ ಪಟ್ಟಣದಲ್ಲಿ ನಡೆದ ಘಟನೆ. ಹೆರಿಗೆ ನೋವಿನ ಹೆಂಗಸನ್ನು ಕರೆತರುತ್ತಿದ್ದ ಆಂಬುಲೆನ್ಸಿಗೆ, ಇಲ್ಲಿ ಡಾಕ್ಟರಿಲ್ಲ, ಇನ್ನೊಂದು ಆಸ್ಪತ್ರೆಗೆ ಹೋಗಿ ಎಂದು ವೈರ್‌ಲೆಸ್‌ನಲ್ಲಿ ಆಸ್ಪತ್ರೆಯವರು ಕೂಗಿ ಹೇಳಿದರು. ಚಾಲಕನಿಗೆ ಕೇಳಿಸಿದ್ದು ಸಿನಿಮಾ ಹಾಡು ಮಾತ್ರ. ಮುಚ್ಚಿದ ಬಾಗಿಲಿನಿಂದ ಹಿಂದಿರುಗುವಾಗ ದಾರಿಯಲ್ಲೇ ಮಗು ಹುಟ್ಟಿತು. ದೇವರು ದೊಡ್ಡವನು, ತಾಯಿ ಮಗು ಇಬ್ಬರೂ ಬದುಕಿಕೊಂಡರು. ಹಾಡು ನದಿಯಾಚೆಯ ದೇಶದ ರೇಡಿಯೊ ನಿಲಯದ್ದು ಎಂದು ಇವರ ಕಚೇರಿ ದೂರಿತು. ನಮ್ಮದಲ್ಲ ಎಂದು ಅವರು ಉತ್ತರಿಸಿದರು. ತಿಂಗಳುಗಟ್ಟಲೆ ಪತ್ರಗಳು ಹೋದವು, ಬಂದವು, ಹಾಡು ನಿಲ್ಲಲಿಲ್ಲ.

ಅಕ್ಕ ಒಂದು ದಿನ ಪತ್ರ ಬಿಟ್ಟು ಫೋನ್ ಹಿಡಿದರು. ಆ ದೇಶದಲ್ಲಿ ಇವರದೇ ಕೆಲಸ ಮಾಡುವ ಅಧಿಕಾರಿಯ ಪರಿಚಯ ಸಭೆಗಳಲ್ಲಿ ಚಹಾದ ಸಾಲಿನಲ್ಲಿ ನಿಂತಾಗ ಆಗಿತ್ತು. ವಾದ ಬೇಡ, ಗಡಿಯ ಸೇತುವೆಗೆ ಬನ್ನಿ, ಜೊತೆಗೆ ಕೂತು ಕೇಳೋಣ ಎಂದರು. ಅವರು ಬಂದರು. ಆಂಬುಲೆನ್ಸಿನ ಮುಂದಿನ ಸೀಟಿನಲ್ಲಿ ಇಬ್ಬರೂ ಒತ್ತಿಕೊಂಡು ಕೂತಾಗ, ವೈರ್‌ಲೆಸ್‌ನಲ್ಲಿ ಆಚೆಯ ಊರಿನ ಸೋಪಿನ ಜಾಹೀರಾತು ಮೊಳಗಿತು. ಆ ಅಧಿಕಾರಿ ತಲೆ ಕೆರೆದುಕೊಂಡು, ಇದೇ ಸೋಪು ನಮ್ಮ ಮನೆಯಲ್ಲೂ ಇದೆ ಎಂದರಂತೆ.

ಕತೆ ಅಲ್ಲಿಗೇ ಮುಗಿದಿದ್ದರೆ ಸಲೀಸಾಗಿತ್ತು. ಆದರೆ ಅಳತೆ ಪೂರ್ತಿಯಾದಾಗ ಇನ್ನೊಂದು ಸತ್ಯ ಹೊರಬಿತ್ತು: ತೊಂದರೆಯ ಒಂದು ಪಾಲು ಈಚೆ ದಡದ್ದೇ. ಪಟ್ಟಣದ ಟ್ಯಾಕ್ಸಿ ಸಂಘವೊಂದು ಪರವಾನಗಿ ಇಲ್ಲದೆ ಟ್ರಾನ್ಸ್‌ಮಿಟರ್ ಇಟ್ಟುಕೊಂಡಿತ್ತು. ಆಚೆಯವರ ಅಳೆಯುವ ಯಂತ್ರಕ್ಕೆ ಅದು ಸಿಕ್ಕಿರಲಿಲ್ಲ. ಅದನ್ನು ವರದಿಗೆ ಸೇರಿಸುವುದು ಬೇಡ ಎಂದರು ಇವರ ನಿರ್ದೇಶಕರು. ದೇಶದ ಮರ್ಯಾದೆ ಹೋಗುತ್ತದೆ ಎಂಬುದು ಅವರ ಆತಂಕ. ಅಕ್ಕನ ಬಡ್ತಿಯ ಮಾತು ನಡೆಯುತ್ತಿದ್ದ ಕಾಲ ಅದು. ಆದರೂ ಎದುರು ನಿಂತು ಹೇಳಿದರು: "ಸರ್, ನಮ್ಮ ತಪ್ಪು ನಾವೇ ಹೇಳಿಲ್ಲ ಅಂದ್ರೆ ನಾಳೆ ಅವರು ನಮ್ಮ ಫೋನ್ ಎತ್ತಲ್ಲ. ಆಗ ಹಾಡು ಕೇಳ್ತಾ ಕೂರಬೇಕಾಗೋದು ನಾವಲ್ಲ, ಆಂಬುಲೆನ್ಸ್‌ನೋರು."

ನಿರ್ದೇಶಕರು ಮೂರು ದಿನ ಮುಖ ಊದಿಸಿಕೊಂಡಿದ್ದರು. ಆಮೇಲೆ ಸಹಿ ಹಾಕಿದರು. ಈಚೆ ಟ್ಯಾಕ್ಸಿಯವರ ಯಂತ್ರ ಇಳಿಯಿತು, ಆಚೆ ನಿಲಯದ ಆಂಟೆನಾ ದಿಕ್ಕು ಬದಲಿಸಿತು. ಬಡ್ತಿ ಆ ವರ್ಷ ಬರಲಿಲ್ಲ, ಮುಂದಿನ ವರ್ಷ ಬಂತು. "ತಡ ಆಯ್ತು, ಆದ್ರೆ ನಿದ್ದೆ ಕೆಡಲಿಲ್ಲ" ಎನ್ನುತ್ತಾರೆ. ಅಂದು ಇಬ್ಬರು ಮನುಷ್ಯರ ನಡುವಿನ ನಂಬಿಕೆಯಿಂದ ಆದದ್ದು, ನಾಳೆ ಆ ಇಬ್ಬರೂ ಇಲ್ಲದಾಗಲೂ ಆಗಲಿ ಎಂಬುದೇ ಈಗಿನ ಒಪ್ಪಂದದ ಹಿಂದಿನ ಆಸೆ.

ಗಡಿ ಪಟ್ಟಣದ ಆ ಚಾಲಕನನ್ನು ಕೇಳಿದರೆ ಇಂಥವರೊಬ್ಬರ ನೆನಪೇ ಅವನಿಗಿಲ್ಲ. "ಯಾರೋ ಇಬ್ರು ಆಫೀಸರು ಬಂದು ಗಾಡೀಲಿ ಕೂತಿದ್ರು. ಈಗ ಚೆನ್ನಾಗಿ ಕೇಳ್ಸುತ್ತೆ ಬಿಡಿ" ಎನ್ನುತ್ತಾನೆ. ಇದನ್ನು ಹೇಳಿದಾಗ ಅಕ್ಕನಿಗೆ ಕೊಂಚವೂ ಬೇಸರವಿಲ್ಲ. ಈಗ ಚೆನ್ನಾಗಿ ಕೇಳಿಸುತ್ತಂತಾ ಎಂದು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಳ್ಳುತ್ತಾರೆ.

ಮುಂದಿನ ತಿಂಗಳು ನದಿಯಾಚೆಯ ಆ ಅಧಿಕಾರಿ ನಿವೃತ್ತರಾಗುತ್ತಿದ್ದಾರೆ. ಬೀಳ್ಕೊಡುಗೆಗೆ ಕಚೇರಿಯ ಪ್ರತಿನಿಧಿಯಾಗಿ ಹೋಗಿಬನ್ನಿ, ಕಾರು ಕೊಡುತ್ತೇವೆ ಎಂದಿದ್ದಾರೆ ನಿರ್ದೇಶಕರು. ಅಕ್ಕ ನಯವಾಗಿ ಬೇಡವೆಂದು ರಜೆ ಹಾಕಿದ್ದಾರೆ. ಗಂಡನನ್ನು ಕರೆದುಕೊಂಡು ಬಸ್ಸಿನಲ್ಲಿ ಹೋಗುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ.

"ಇಷ್ಟು ವರ್ಷ ಎಲ್ಲಿ ಹೋದ್ರೂ ನನ್ನ ಮುಂದೆ ದೇಶದ ಹೆಸರಿನ ಬೋರ್ಡ್ ಇರ್ತಿತ್ತು" ಎನ್ನುತ್ತಾರೆ, ಕಿಟಕಿಯ ಪರದೆ ಸರಿಸುತ್ತಾ. "ಅದನ್ನ ಚೆನ್ನಾಗೇ ನೋಡ್ಕೊಂಡೆ. ಒಂದು ಸಲ ನನ್ನ ಹೆಸರಲ್ಲೇ ಹೋಗ್ಬರೋಣ ಅಂತ ಆಸೆ."