ಚಿಕ್ಕಮ್ಮನ ಫೋಟೊ ಹೊತ್ತ ಮೇಲ್‌ಗಳು

ನಮ್ಮ ಚಿಕ್ಕಮ್ಮ ಎಚ್.ಡಿ. ಕೋಟೆಯ ಬಸ್‌ಸ್ಟ್ಯಾಂಡಿನಲ್ಲಿ ಕಳೆದುಹೋದಳು. ಅರವತ್ತು ದಾಟಿದ ಹೆಂಗಸು ಕಳೆದುಹೋದಳು ಅಂದರೆ ಕೇಳಿದವರು ನಂಬುತ್ತಿರಲಿಲ್ಲ. "ಕಳೆದೋಗಕ್ಕೆ ಅದೇನು ಕೂಸಾ?" ಎನ್ನುತ್ತಿದ್ದರು. ಕೂಸೇ ಆಗಿದ್ದಳು. ಮರೆವಿನ ಕಾಯಿಲೆ. ಮೊದಮೊದಲು ಸಾರಿಗೆ ಉಪ್ಪು ಹಾಕಿದ್ದು ಮರೆಯುತ್ತಿದ್ದಳು. ಕೊನೆಕೊನೆಗೆ ಹನಗೋಡಿನ ತನ್ನ ಮನೆಯ ಜಗಲಿಯಲ್ಲೇ ಕೂತು, "ನಮ್ಮನೆಗೆ ಓಗನ ನಡೀರಿ, ಕತ್ಲಾಯ್ತದೆ" ಎಂದು ಚಿಕ್ಕಪ್ಪನನ್ನು ಕಾಡುತ್ತಿದ್ದಳು.

ಆವತ್ತು ಇಬ್ಬರೂ ಕೋಟೆಯಲ್ಲಿ ನೆಂಟರ ಮನೆಯ ನಾಮಕರಣ ಮುಗಿಸಿ ಊರಿಗೆ ಹೊರಟಿದ್ದರು. ಚಿಕ್ಕಪ್ಪ ಅವಳನ್ನು ಬೆಂಚಿನ ಮೇಲೆ ಕೂರಿಸಿ, ಹುಣಸೂರಿನ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿ ಬರಲು ಹೋದರು. ತಿರುಗಿ ಬಂದಾಗ ಬೆಂಚಿನ ಮೇಲೆ ಅವಳ ಚೀಲ ಮಾತ್ರ ಇತ್ತು. ಅಷ್ಟರಲ್ಲಿ ಮೈಸೂರಿಗೊಂದು, ಸರಗೂರಿಗೊಂದು, ಕೇರಳದ ಕಡೆಗೊಂದು ಬಸ್ಸು ಹೊರಟಿದ್ದವು. ಯಾವುದಕ್ಕೆ ಹತ್ತಿದಳೋ, ಹತ್ತಲೇ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ.

ಪೊಲೀಸರಿಗೆ ದೂರು ಕೊಟ್ಟೆವು. ಪಿರಿಯಾಪಟ್ಟಣ, ಕೆ.ಆರ್. ನಗರ ಎಲ್ಲ ಕಡೆ ಪೋಸ್ಟರ್ ಅಂಟಿಸಿದೆವು. ಮಳೆಗಾಲ ಬಂತು, ಪೋಸ್ಟರ್‌ಗಳು ನೆನೆದು ಉದುರಿದವು. ಹುಡುಕಲು ಬಂದಿದ್ದ ನೆಂಟರು ನಾಟಿ ಕೆಲಸಕ್ಕೆ ಹಿಂತಿರುಗಿದರು.

ನಾನು ಹುಣಸೂರಿನ ಒಂದು ಟ್ಯೂಷನ್ ಸೆಂಟರಿನ ಆಫೀಸಿನಲ್ಲಿ ಕೆಲಸಕ್ಕಿದ್ದೇನೆ. ಹಬ್ಬ ಬಂದರೆ ಮಕ್ಕಳ ತಂದೆತಾಯಿಗಳಿಗೆಲ್ಲ ದೀಪದ ಚಿತ್ರವಿರುವ ಶುಭಾಶಯ ಇಮೇಲ್ ಮಾಡಬೇಕಿತ್ತು. ಒಬ್ಬೊಬ್ಬರಿಗೇ ಕಳಿಸಿ ಸಾಕಾಗಿ, ಅದಕ್ಕೊಂದು ಸ್ಕ್ರಿಪ್ಟ್ ಬರೆಯುವುದನ್ನು ನಾನೇ ವಿಡಿಯೊ ನೋಡಿ ಕಲಿತಿದ್ದೆ. ಸ್ಕ್ರಿಪ್ಟ್ ಅಂದರೆ ಕಂಪ್ಯೂಟರಿಗೆ ಬರೆದುಕೊಟ್ಟ ಅಪ್ಪಣೆ: ಈ ವಿಳಾಸ ತಗೋ, ಈ ಕಾಗದ ಹಾಕು, ಕಳಿಸು, ಮುಂದಿನದಕ್ಕೆ ಹೋಗು. ಅದರಲ್ಲೇ ಚಿಕ್ಕಮ್ಮನ ಫೋಟೊ ಕಳಿಸಿದರೆ ಹೇಗೆ ಅನ್ನಿಸಿತು. ಮೈಸೂರು, ಕೊಡಗು, ವಯನಾಡು ಕಡೆಯ ಪೊಲೀಸ್ ಠಾಣೆ, ಆಸ್ಪತ್ರೆ, ಅನಾಥಾಶ್ರಮಗಳ ವಿಳಾಸಗಳನ್ನು ಇಂಟರ್‌ನೆಟ್ಟಿನಲ್ಲಿ ಹೆಕ್ಕಿಹೆಕ್ಕಿ ಕೂಡಿಸಿದೆ.

ಫೋಟೊ ಕೊಡಲು ಚಿಕ್ಕಪ್ಪ ಆಫೀಸಿಗೇ ಬಂದರು. ಹಣೆಯ ವಿಭೂತಿ ಬೆವರಿಗೆ ಅಳಿಸಿಹೋಗಿತ್ತು. ತಂದದ್ದು ಮದುವೆಯೊಂದರಲ್ಲಿ ತೆಗೆದದ್ದು, ರೇಷ್ಮೆ ಸೀರೆ, ತಲೆತುಂಬ ಹೂವು, ಮುಖದ ತುಂಬ ನಗು. ನಾನು ಅವಳ ಮುಖ ಒಂದನ್ನೇ ಕತ್ತರಿಸಿ ಪರದೆಯ ಮೇಲೆ ದೊಡ್ಡದು ಮಾಡಿದೆ. ಅವರು ತುಂಬಾ ಹೊತ್ತು ನೋಡಿದರು.

"ಈಗ ಇವ್ಳು ಅಂಗಿಲ್ಲ ಕಣವ್ವ," ಅಂದರು. "ನಗಾದ್ನೇ ಬುಟ್ಬುಟ್ಟಿದ್ಲು."

"ಬೇರೆ ಫೋಟೊ ಇದ್ಯಾ ಚಿಕ್ಕಪ್ಪ?"

"ಇಲ್ಲ. ಇರೋದ್ನೇ ಕಳ್ಸು."

ಕಳಿಸಿದೆ. ಬಹಳಷ್ಟು ಅರೆಗಳಿಗೆಯಲ್ಲೇ ಹಿಂದಕ್ಕೆ ಬಂದವು. ಅಂಥ ವಿಳಾಸವೇ ಇಲ್ಲ, ಇವರ ಮೇಲ್‌ಪೆಟ್ಟಿಗೆ ತುಂಬಿದೆ ಎಂಬ ಕಾರಣ ಹೊತ್ತು. ಮನುಷ್ಯರು ಬರೆದ ಉತ್ತರ ಒಂದೇ ಒಂದು, ಮಡಿಕೇರಿ ಕಡೆಯ ಆಶ್ರಮದಿಂದ: ಫೋಟೊ ಕಾಣಿಸುತ್ತಿಲ್ಲ. ನಾನು ನನ್ನದೇ ಇನ್ನೊಂದು ವಿಳಾಸಕ್ಕೆ ಕಳಿಸಿ ನೋಡಿದೆ. "ಈ ಚಿತ್ರದಲ್ಲಿರುವ ನಮ್ಮ ಚಿಕ್ಕಮ್ಮ" ಎಂದು ಬರೆದಿದ್ದ ಸಾಲಿನ ಕೆಳಗೆ ಒಂದು ಖಾಲಿ ಚೌಕ ಇತ್ತು, ಅಷ್ಟೆ. ನಾನು ಮಾಡಿದ್ದ ತಪ್ಪೆಂದರೆ, ಫೋಟೊವನ್ನು ಇಂಟರ್‌ನೆಟ್ಟಿನಲ್ಲಿ ಬೇರೆಲ್ಲೋ ಇಟ್ಟು ಅದರ ಲಿಂಕನ್ನು ಮಾತ್ರ ಕಾಗದದಲ್ಲಿ ಬರೆದದ್ದು. ಅಂಥವನ್ನು ಎಷ್ಟೋ ಕಡೆ ತೋರಿಸುವುದೇ ಇಲ್ಲವಂತೆ. ಫೋಟೊವನ್ನು ಕಾಗದದ ಒಳಗೇ ಇಟ್ಟು, ಅದಕ್ಕೊಂದು ಗುರುತು ಕೊಟ್ಟು, ಆ ಗುರುತಿನಿಂದಲೇ ಅದನ್ನು ಕರೆಯಬೇಕು. ಗುರುತು ಫೋಟೊಗೂ ಅದನ್ನು ಕರೆಯುವ ಸಾಲಿಗೂ ಒಂದೇ ಇರಬೇಕು, ಒಂದಕ್ಷರ ತಪ್ಪಿದರೂ ಮತ್ತೆ ಖಾಲಿ ಚೌಕ. ಊಟದ ಬಿಡುವಿನಲ್ಲಿ ಕೂತು, ತಪ್ಪಿ, ತಿದ್ದಿ, ಕೊನೆಗೊಂದು ಮಧ್ಯಾಹ್ನ ಮೇಲ್ ತೆರೆದ ಕೂಡಲೇ ಚಿಕ್ಕಮ್ಮನ ಮುಖ ಪರದೆ ತುಂಬಿಕೊಂಡು ಎದುರಿಗೆ ಬಂತು. ಊಟದ ಡಬ್ಬಿಯ ಮುಚ್ಚಳ ಮುಚ್ಚಿ ಅತ್ತುಬಿಟ್ಟೆ.

ಮತ್ತೆ ಎಲ್ಲರಿಗೂ ಕಳಿಸಿದೆ. ಈ ಸಲ ಕೇರಳದ ಗಡಿಯಾಚೆಯ ಒಂದು ಆಶ್ರಮದಿಂದ ಉತ್ತರ ಬಂತು. ಕನ್ನಡ ಮಾತಾಡುವ ಒಬ್ಬ ಹೆಂಗಸು ನಮ್ಮಲ್ಲಿದ್ದಾರೆ, ಹೆಸರು ಹೇಳುವುದಿಲ್ಲ, ನಿಮ್ಮವರಿರಬಹುದೇ ನೋಡಿ. ಕೆಳಗೆ ಫೋಟೊ. ಬೋಳಿಸಿದ ತಲೆ, ಬತ್ತಿದ ಕೆನ್ನೆ. ನನಗೆ ಅಲ್ಲ ಅನ್ನಿಸಿತು. ಚಿಕ್ಕಪ್ಪನನ್ನು ಕರೆಸಿ ತೋರಿಸಿದೆ.

"ಅಲ್ಲ," ಅಂದರು. ಪರದೆಯ ಹತ್ತಿರಕ್ಕೆ ಬಗ್ಗಿ, "ಕೂದ್ಲು ತಗ್ದವ್ರೆ. ಇದ್ರೂ ಇರ್ಬೌದು ಕಣವ್ವ. ನೋಡ್ಕೊಂಡೇ ಬರನ," ಅಂದರು.

ಮಾರನೆಯ ದಿನ ಬೆಳಿಗ್ಗೆ ಇಬ್ಬರೂ ಬಸ್ಸು ಹತ್ತಿದೆವು. ಅವರು ಚಿಕ್ಕಮ್ಮನ ಸ್ವೆಟರನ್ನು ತಂದಿದ್ದರು. ಕಾಡಿನ ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ಅವಳಲ್ಲ. ಬಾಗಿಲಲ್ಲೇ ತಿಳಿಯಿತು. ನನಗೆ ಅಲ್ಲಿಂದಲೇ ಹಿಂದಿರುಗಬೇಕು ಅನ್ನಿಸಿತು. ಚಿಕ್ಕಪ್ಪ ಮಾತ್ರ ಒಳಗೆ ಹೋಗಿ ಆ ಹೆಂಗಸಿನ ಮಂಚದ ಪಕ್ಕ ಕೂತರು.

"ಯಾವೂರವ್ವ ನಿಂದು?"

ಅವಳು ಅವರ ಮುಖ ನೋಡಿ, "ಈಗ ಬಂದ್ಯಾ ಅಣ್ಣ?" ಅಂದಳು.

ಚಿಕ್ಕಪ್ಪ ಅವಳ ಹೊದಿಕೆ ಸರಿಮಾಡಿದರು. ಆಮೇಲೆ, "ಊಂ ಕಣವ್ವ, ಬಂದೆ," ಅಂದರು. ಅವಳು ಅವರ ಕೈ ಹಿಡಿದುಕೊಂಡು ಏನೇನೋ ಹೇಳಿದಳು. ಕೆರೆ ಏರಿ, ಎಮ್ಮೆ ಕರು, ಯಾರದೋ ಮದುವೆ. ಊರಿನ ಹೆಸರು ಒಮ್ಮೆಯೂ ಬರಲಿಲ್ಲ. ಹೊರಡುವಾಗ ಸ್ವೆಟರನ್ನು ಅವಳಿಗೆ ತೊಡಿಸಿ, ಗುಂಡಿ ಹಾಕಿ ಬಂದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿದರು: "ನೀ ಕಳಿಸ್ತೀಯಲ್ಲ ಕಾಗ್ದ, ಅದ್ರಾಗೆ ಆಯಮ್ಮನ ಫೋಟನೂ ಆಕ್ಬೌದಾ? ಅವ್ಳ ಕಡೆಯೋರೂ ಉಡುಕ್ತಿರ್ತಾರಲ್ಲ."

ಆಶ್ರಮದವರನ್ನು ಕೇಳಿ ಹಾಕಿದೆ. ಅಂದಿನಿಂದ ಮೇಲ್‌ನಲ್ಲಿ ಎರಡು ಮುಖಗಳು, ಒಂದರ ಕೆಳಗೊಂದು. ತಿಂಗಳಿಗೊಮ್ಮೆ ಕಳಿಸುತ್ತಿದ್ದೆ. ಚಿಕ್ಕಪ್ಪ ಸಂತೆಗೆ ಬಂದಾಗೆಲ್ಲ ಆಫೀಸಿನ ಮೆಟ್ಟಿಲ ಹತ್ತಿರ ನಿಂತು, "ಏನಾರ ಬಂತಾ?" ಅನ್ನುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ. ಯಾರಿಂದಲೂ, ಯಾರ ಬಗ್ಗೆಯೂ, ಏನೂ ಬರಲಿಲ್ಲ. ಆಯಮ್ಮ ಮುಂದಿನ ಚಳಿಗಾಲದಲ್ಲಿ ತೀರಿಕೊಂಡಳೆಂದು ಆಶ್ರಮದವರು ಬರೆದರು. ಮೇಲ್‌ನಿಂದ ಅವಳ ಫೋಟೊ ತೆಗೆದುಹಾಕಿದೆ.

ಒಂದು ದಿನ ಅನುಮಾನ ಬಂದು, ಕೆ.ಆರ್. ನಗರದಲ್ಲಿ ಆಸ್ಪತ್ರೆಯೊಂದರ ಆಫೀಸಿನಲ್ಲಿರುವ ಗೆಳತಿಗೆ ಫೋನ್ ಮಾಡಿ, ನನ್ನ ಮೇಲ್ ಬರುತ್ತಿದೆಯಾ ನೋಡು ಅಂದೆ. ಇಲ್ಲ ಅಂದಳು. ಹುಡುಕಿಸಿದೆ. ಸ್ಪ್ಯಾಮ್ ಎಂದು ಕಂಪ್ಯೂಟರು ತಾನೇ ಕಸವನ್ನು ತಳ್ಳುವ ಜಾಗದಲ್ಲಿ ಸಿಕ್ಕಿತು. ಲಾಟರಿ ಹೊಡೆದಿದೆ ಎನ್ನುವ ಮೇಲ್‌ಗಳ ನಡುವೆ. ಹಳೆಯವು ತಾವೇ ಅಳಿಸಿಹೋಗಿದ್ದವು. ಒಂದೇ ಬಗೆಯ ಕಾಗದ, ಒಳಗೆ ದೊಡ್ಡ ಚಿತ್ರ, ಒಟ್ಟಿಗೆ ಅಷ್ಟು ಜನರಿಗೆ ಹೋಗುತ್ತದೆಂದು ಕಂಪ್ಯೂಟರು ಅದನ್ನು ಕಸ ಅಂದುಕೊಂಡಿತ್ತು. ಉಳಿದ ಕಡೆಯೂ ಎಷ್ಟರಲ್ಲಿ ಹೀಗೇ ಆಗಿತ್ತೋ.

ಸಂತೆಯ ದಿನ ಚಿಕ್ಕಪ್ಪ ಬಂದರು. ಮುಚ್ಚಿಡಲು ಮನಸ್ಸಾಗದೆ ಹೇಳಿಬಿಟ್ಟೆ.

"ಕಸಕ್ಕೆ ಬಿದ್ದಿದಾವೆ ಚಿಕ್ಕಪ್ಪ. ಯಾರೂ ನೋಡೇ ಇಲ್ಲ ಅನ್ಸುತ್ತೆ."

ಅವರು ಕೈಯಲ್ಲಿದ್ದ ಸೊಪ್ಪಿನ ಚೀಲವನ್ನು ಮೆಟ್ಟಿಲ ಮೇಲಿಟ್ಟರು. "ಕಸ ತಗ್ಯೋರಾದ್ರೂ ಒಂದು ಕಿತ ನೋಡಿರ್ತಾರೆ ಬುಡು," ಅಂದರು.

ಕಸ ತೆಗೆಯುವವರು ಅಲ್ಲಿ ಯಾರೂ ಇರುವುದಿಲ್ಲ ಎಂದು ನಾನು ಹೇಳಲಿಲ್ಲ.

ಆಮೇಲೆ ಸ್ಕ್ರಿಪ್ಟ್ ಬಿಟ್ಟು, ದಿನಕ್ಕಿಷ್ಟು ಎಂದು ಒಬ್ಬೊಬ್ಬರಿಗೇ ನಾನೇ ಮೇಲ್ ಬರೆದು ಕಳಿಸಿದೆ. ಇಬ್ಬರು ಮೂವರು ಉತ್ತರಿಸಿದರು. ನಮ್ಮಲ್ಲಿ ಇಲ್ಲ, ಸಿಕ್ಕಿದರೆ ತಿಳಿಸುತ್ತೇವೆ. ಚಿಕ್ಕಪ್ಪ ಈಗ ಸಂತೆಗೆ ಬಂದರೂ ಮೆಟ್ಟಿಲ ಹತ್ತಿರ ನಿಲ್ಲುವುದಿಲ್ಲ. ರಸ್ತೆಯ ಆಚೆಯಿಂದಲೇ ಒಮ್ಮೆ ನನ್ನ ಕಡೆ ನೋಡಿ, ಬಸ್‌ಸ್ಟ್ಯಾಂಡಿನ ಕಡೆಗೆ ನಡೆಯುತ್ತಾರೆ.