ಎದುರುಮನೆ ಅತ್ತೆಯ ಮೂರನೇ ಹುಲಿ

ಆ ಹುಲಿ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪವೇ ದೊಡ್ಡದು. ಹಳದಿ ಪ್ಲಾಸ್ಟಿಕ್ಕು. ಮೈಮೇಲಿನ ಕಪ್ಪು ಪಟ್ಟೆ ಎಡಮಗ್ಗುಲಲ್ಲಿ ಮಾತ್ರ ಉಳಿದಿತ್ತು. ಎದುರುಮನೆ ಅತ್ತೆ ಅದನ್ನು ಎಲೆಅಡಿಕೆ ಸಂಚಿಯಿಂದ ತೆಗೆದು, ಸೆರಗಿನಲ್ಲಿ ಒರೆಸಿ, ಪಟ್ಟೆಯಿರುವ ಮಗ್ಗುಲು ನನಗೆ ಕಾಣುವಂತೆ ಇಡುತ್ತಿದ್ದರು.

ಸಂಬಂಧದಲ್ಲಿ ಅವರು ನಮಗೆ ಏನೂ ಆಗಬೇಕಿರಲಿಲ್ಲ. ತಿಪಟೂರಿನ ನಮ್ಮ ಬೀದಿಯಲ್ಲಿ ಎದುರಿಗಿದ್ದ ಕೊಬ್ಬರಿ ವ್ಯಾಪಾರಿಯ ಹೆಂಡತಿ, ಅದಕ್ಕೇ ಅತ್ತೆ. ಅವರ ಮನೆಯ ಕಲ್ಲುಜಗುಲಿಯ ಮೇಲೆ ಹಿಂದಿನವರು ಯಾರೋ ಹುಲಿಕುರಿ ಆಟದ ಗೆರೆ ಕೊರೆದಿದ್ದರು. ಮೂರು ಹುಲಿ, ಹದಿನೈದು ಕುರಿ. ಹುಲಿ ಹಾರಿದರೆ ಕುರಿ ಸತ್ತಂತೆ, ಕುರಿಗಳು ಸುತ್ತುಗಟ್ಟಿದರೆ ಹುಲಿ ಸೋತಂತೆ. ಬೇರೆಯವರು ಕಲ್ಲುಹರಳು ಇಟ್ಟು ಆಡುತ್ತಿದ್ದರು. ಅತ್ತೆ ಮಾತ್ರ ಟೂತ್‌ಪೇಸ್ಟಿನ ಡಬ್ಬದಲ್ಲಿ ಬರುತ್ತಿದ್ದ ಪುಟ್ಟ ಗೊಂಬೆಗಳನ್ನು ಕೂಡಿಸಿದ್ದರು. ಆನೆ, ಒಂಟೆ, ಮೀನು, ಬಾತುಕೋಳಿ, ಆ ಜಗುಲಿಯ ಮೇಲೆ ಎಲ್ಲವೂ ಕುರಿಗಳೇ.

ಅವರ ಮನೆಯಲ್ಲಿ ಹಲ್ಲುಜ್ಜುತ್ತಿದ್ದುದು ಇದ್ದಿಲಪುಡಿಯಲ್ಲಿ. ಪೇಸ್ಟು ನಮ್ಮ ಮನೆಗೆ ಬರುತ್ತಿತ್ತು, ಗೊಂಬೆ ಅತ್ತೆಯ ಸಂಚಿಗೆ. ಅಂಗಡಿಯಲ್ಲಿ ಅತ್ತೆಯೇ ಡಬ್ಬವನ್ನು ಕಿವಿಯ ಹತ್ತಿರ ಅಲ್ಲಾಡಿಸಿ, "ಇದು ಹುಲಿನೇ ಕಣಪ್ಪ, ಸದ್ದು ಕೇಳು" ಎಂದು ಖಚಿತವಾಗಿ ಹೇಳಿ ಕೊಂಡು ತಂದರೆ ಒಳಗೆ ಇನ್ನೊಂದು ಬಾತುಕೋಳಿ. ಅಂತೂ ಎರಡು ಹುಲಿ ಸಿಕ್ಕವು. ಮೂರನೆಯದು ಸಿಗುವ ಮೊದಲೇ ಡಬ್ಬದಲ್ಲಿ ಗೊಂಬೆ ಬರುವುದೇ ನಿಂತಿತು. ಅದರ ಜಾಗಕ್ಕೆ ಒಂದು ಹುಣಸೆಬೀಜ ಬಂತು. ಬೀಜ ಹಾರಿ ಕುರಿ ಸತ್ತಾಗಲೆಲ್ಲ ಅತ್ತೆಯ ಮುಖ ಸಪ್ಪಗಾಗುತ್ತಿತ್ತು. "ಬೀಜದ ಕೈಲಿ ಆನೆ ಸಾಯೋದು ನೋಡಕ್ಕಾಗಲ್ಲ ಕಣೇ."

ಹೊನ್ನವಳ್ಳಿಯಿಂದ ಬಂದ ನೆಂಟರನ್ನೂ ಬಿಡದೆ, ನಿಮ್ಮ ಮನೆಯಲ್ಲಿ ಇಂಥ ಹುಲಿ ಇದೆಯೇ ಎಂದು ಕೇಳುತ್ತಿದ್ದರು. ನಾನೋ, ಬಸ್ಸಿನಲ್ಲಿ ಕಿಟಕಿ ಮುಚ್ಚಿ ಎನ್ನುವುದಕ್ಕೂ ಹಿಂಜರಿಯುವವಳು. ಅತ್ತೆಗೆ ಅದು ಅರ್ಥವೇ ಆಗುತ್ತಿರಲಿಲ್ಲ. "ಕೇಳಿದ್ರೆ ತಾನೆ ಅವರಿಗೂ ಕೊಡೋಕಾಗೋದು?"

ನಾನು ಬೆಂಗಳೂರಿನಲ್ಲಿ ಎಂ.ಎ. ಓದುತ್ತಿದ್ದಾಗ ಅಲ್ಲೊಂದು ಮ್ಯೂಸಿಯಮ್ಮಿನಲ್ಲಿ ಹೂವಿನ ಪ್ರದರ್ಶನ ನಡೆಯಿತು. ಅತ್ತೆ ನೋಡಬೇಕೆಂದು ರೈಲಿನಲ್ಲಿ ಬಂದಿಳಿದರು. ಕಂಕುಳಲ್ಲಿ ಒದ್ದೆಬಟ್ಟೆ ಸುತ್ತಿದ ತೆಂಗಿನ ಹೊಂಬಾಳೆ. ಒಂದು ಗೊನೆಯೇ ಹೋಯಿತಲ್ಲ ಎಂದು ಯಜಮಾನರು ಗೊಣಗಿದರಂತೆ. ಬಾಗಿಲಲ್ಲಿ ದಪ್ಪ ಕನ್ನಡಕದ ಹೆಂಗಸೊಬ್ಬರು, ಸ್ಪರ್ಧೆಗೆ ಹೂ ತೆಗೆದುಕೊಳ್ಳುವುದು ನಿನ್ನೆಗೇ ಮುಗಿಯಿತು ಎಂದು ತಡೆದರು.

"ಸ್ಪರ್ಧೆಗಲ್ಲ ಕಣ್ರೀ. ಹೂ ನೋಡಕ್ಕೆ ಬರೋರು ಬರಿಗೈಲಿ ಬರ್ತಾರಾ?"

ನಾನು ನೆಲ ನೋಡುತ್ತ ನಿಂತೆ. ಆಕೆ ನೀರು ತುಂಬಿದ ಕೊಡ ತರಿಸಿ, ಹೊಂಬಾಳೆಯನ್ನು ಬಾಗಿಲ ಪಕ್ಕದಲ್ಲೇ ನಿಲ್ಲಿಸಿದರು.

ಗುಲಾಬಿ, ಡೇಲಿಯಾಗಳನ್ನು ಅತ್ತೆ ಗಂಡಿನ ಕಡೆಯವರು ಹೆಣ್ಣು ನೋಡುವಂತೆ ಗಂಭೀರವಾಗಿ ನೋಡಿದರು. ಕೊನೆಯ ಮೇಜಿನ ಮೇಲೆ, ತಟ್ಟೆಯೊಳಗೆ ಮಾಡಿದ ಪುಟ್ಟ ಪುಟ್ಟ ತೋಟಗಳಿದ್ದವು. ಒಂದರಲ್ಲಿ ಪಾಚಿಯ ಹುಲ್ಲು, ಕನ್ನಡಿ ಚೂರಿನ ಕೆರೆ. ಕೆರೆಯ ದಡದಲ್ಲಿ ಹಳದಿ ಹುಲಿ. ಎರಡೂ ಮಗ್ಗುಲಲ್ಲಿ ಪಟ್ಟೆ.

ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡರು. ಬನ್ನಿ ಹೋಗೋಣ ಎಂದು ನಾನು ಪಿಸುಗುಟ್ಟುವಷ್ಟರಲ್ಲಿ ಕೈಬಿಟ್ಟು ಕನ್ನಡಕದವರ ಹತ್ತಿರ ಹೋಗಿಯೂ ಆಗಿತ್ತು. ಆ ತೋಟ ಮಾಡಿದವರು ಆಕೆಯೇ. ಹುಲಿ ತೆಗೆದರೆ ತೋಟ ಬಿಕೋ ಎನ್ನುತ್ತದೆ, ಕೊಡಲಾಗುವುದಿಲ್ಲ ಎಂದರು. ಅತ್ತೆ ಸಂಚಿ ಬಿಚ್ಚಿ, ಆನೆಯನ್ನು ಅಂಗೈ ಮೇಲಿಟ್ಟು ಚಾಚಿದರು.

"ಆನೆ ಕೊಟ್ಟು ಹುಲಿ ತಗೊಂಡ್ರೆ ನಿಮಗೇ ನಷ್ಟ ಅಲ್ವೇನ್ರೀ?"

"ನಮ್ಮನೇಲಿ ಅದು ಕುರಿ ಕಣ್ರೀ."

ಆಕೆ ಕನ್ನಡಕ ತೆಗೆದು, ಕಣ್ಣೊರೆಸಿಕೊಂಡು ನಕ್ಕರು. ಯಾಕೆಂದು ಕೇಳಲಿಲ್ಲ. ಆನೆ ಕೆರೆಯ ದಡಕ್ಕೆ ಹೋಯಿತು. ಹುಲಿ ತಿಪಟೂರಿನವರೆಗೂ ಅತ್ತೆಯ ಮುಷ್ಟಿಯಲ್ಲೇ ಇತ್ತು. ಅವರ ಜೊತೆ ನಾನೂ ಊರಿಗೆ ಹೋಗಿದ್ದೆ. ಸಂಜೆ ಜಗುಲಿಯ ಮೇಲೆ ಮೊದಲ ಸಲ ಮೂರೂ ಹುಲಿ ಕೂತವು. ಹುಣಸೆಬೀಜವನ್ನು ಇಳಿಸಿ, ಆನೆಯ ಬದಲಿಗೆ ಕುರಿ ಮಾಡಲಾಯಿತು. ಕುರಿ ಆಡಿದ ಅತ್ತೆ ಸೋತರು. ಅಷ್ಟು ಸಂತೋಷವಾಗಿ ಸೋತವರನ್ನು ನಾನು ಇನ್ನೂ ನೋಡಿಲ್ಲ.

ಕಳೆದ ವರ್ಷ ಅತ್ತೆ ತೀರಿಕೊಂಡರು. ಆಮೇಲೆ ನಾನು ಊರಿಗೆ ಹೋದಾಗ ಅವರ ಸೊಸೆ, ಅತ್ತೆ ಹೇಳಿದ್ದರೆಂದು, ಸಂಚಿಯನ್ನು ತಂದು ನನ್ನ ಕೈಗಿಟ್ಟರು. ಮೂರು ಹುಲಿಯೂ ಇದ್ದವು. ಹುಣಸೆಬೀಜ ಮಾತ್ರ ಹುಳ ಕೊರೆದು ಪುಡಿಯಾಗಿತ್ತು.

ಮರುದಿನ ಬೆಳಿಗ್ಗೆ ಅಮ್ಮ ಸಾರಿಗೆಂದು ತೆಗೆದಿಟ್ಟ ಹುಣಸೆಹಣ್ಣಿನಿಂದ ಒಂದು ಬೀಜ ಬಿಡಿಸಿ ತೊಳೆದೆ. ಬೀದಿ ದಾಟಿ, ಜಗುಲಿಯ ಮೇಲೆ ಹುಲಿಗಳನ್ನು ಕೂರಿಸಿ, ಒಳಗೆ ಕೆಲಸದಲ್ಲಿದ್ದ ಸೊಸೆಗೆ ಕೇಳಿಸುವಷ್ಟು ಜೋರಾಗಿ ಕೂಗಿದೆ. "ಅಕ್ಕಾ, ಒಂದಾಟ ಆಡ್ತೀರಾ?"